ಒಂದು ದಿನದ ಜೇಡ ಸಂಗ್ರಹ: ಜಗಲಿಯಿಂದ ಅಡಿಕೆ ತೋಟದವರೆಗೆ

"ಜೇಡ ಸಂಗ್ರಹ ಮಾಡಬೇಕು, ಯಾವ ಕಾಡಿಗೆ ಹೋಗಲಿ?" ಡಿಗ್ರಿ ಓದುವ ಮಕ್ಕಳು, ಶಾಲೆಯಲ್ಲಿ ಪ್ರಾಜೆಕ್ಟ್ ಮಾಡಿಸುವ ಮೇಷ್ಟ್ರುಗಳು, ಸುಮ್ನೆ ಆಸಕ್ತಿಯಿಂದ ಶುರು ಮಾಡಿದವರು ಎಲ್ಲರೂ ಇದನ್ನೇ ಕೇಳುತ್ತಾರೆ. ನನ್ನ ಉತ್ತರ ಯಾವಾಗಲೂ ಒಂದೇ. ಕಾಡಿಗೆ ಹೋಗಬೇಡಿ. ಮನೆ ಜಗಲಿಯಿಂದ ಹೊರಡಿ, ಹಿತ್ತಲು ದಾಟಿ, ತೋಟ ದಾಟಿ, ಗದ್ದೆ ಬದುವಿನವರೆಗೆ ಹೋಗಿ ಬನ್ನಿ. ಅಷ್ಟರಲ್ಲೇ ಒಂದು ದಿನ ಸಾಲುವುದಿಲ್ಲ.

ನಾನು ಇಲ್ಲಿ ಹೇಳುವುದು ಶಿರಸಿ, ಸಾಗರ ಕಡೆಯ ಮಲೆನಾಡಿನ ಲೆಕ್ಕ. ಬಯಲುಸೀಮೆಯವರು ಅಡಿಕೆ ತೋಟದ ಜಾಗದಲ್ಲಿ ಹುಣಸೆ ತೋಪು, ಕೆರೆ ಏರಿ, ಜಾಲಿ ಪೊದೆ ಎಂದು ಓದಿಕೊಳ್ಳಿ. ವಿಧಾನ ಬದಲಾಗುವುದಿಲ್ಲ, ಸಿಗುವ ಜೇಡ ಬದಲಾಗುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಡಬ್ಬಿ ತುಂಬ ಜೇಡ ತುಂಬಿಕೊಂಡು ಬರುವುದು ಸಂಗ್ರಹ ಅಲ್ಲ. ಜೇಡ ಎಲ್ಲಿತ್ತು, ಏನು ಮಾಡುತ್ತಿತ್ತು, ಬಲೆ ಹೇಗಿತ್ತು, ಎಷ್ಟು ಗಂಟೆ ಆಗಿತ್ತು, ಇದೆಲ್ಲ ಬರೆದುಕೊಂಡಿದ್ದರೆ ಮಾತ್ರ ಆ ಜೇಡಕ್ಕೆ ಬೆಲೆ. ಬರೆದುಕೊಳ್ಳದೆ ತಂದ ಜೇಡವನ್ನು ಸುಮ್ನೆ ಕೊಂದ ಹಾಗೆ.

1. ಹಿಡಿಯುವ ಮೊದಲು: ಯಾಕೆ, ಎಷ್ಟು

ನಿಮಗೆ ನಿಜವಾಗಿ ಜೇಡವನ್ನು ಸಾಯಿಸಿ ಇಟ್ಟುಕೊಳ್ಳುವ ಅಗತ್ಯ ಇದೆಯಾ? ಹತ್ತರಲ್ಲಿ ಎಂಟು ಜನರಿಗೆ ಇಲ್ಲ. ಹಿಡಿದು, ಪಾರದರ್ಶಕ ಡಬ್ಬಿಯಲ್ಲಿ ನೋಡಿ, ಫೋಟೋ ತೆಗೆದು, ಅಲ್ಲೇ ಬಿಟ್ಟರೆ ಸಾಕು. ಇದೂ ಸಂಗ್ರಹವೇ.

ಆದರೆ ಜಾತಿಯನ್ನು ಖಚಿತವಾಗಿ ಗುರುತಿಸಬೇಕು ಅಂದರೆ ಬಹಳಷ್ಟು ಜೇಡಗಳಲ್ಲಿ ಫೋಟೋ ಸಾಲದು. ಬಣ್ಣ ನಂಬುವಂಥದ್ದಲ್ಲ. ತಜ್ಞರು ನೋಡುವುದು ಎರಡು ಅಂಗಗಳನ್ನು. ಗಂಡಿನಲ್ಲಿ ಪೆಡಿಪಾಲ್ಪ್. ಇವು ಬಾಯಿಯ ಅಕ್ಕಪಕ್ಕ ಇರುವ ಎರಡು ಪುಟ್ಟ ಕಾಲಿನಂಥವು, ಬೆಳೆದ ಗಂಡಿನಲ್ಲಿ ತುದಿ ಉಬ್ಬಿಕೊಂಡು ಬಾಕ್ಸಿಂಗ್ ಗ್ಲೌಸ್ ಹಾಕಿದ ಹಾಗೆ ಕಾಣುತ್ತವೆ. ಹೆಣ್ಣಿನಲ್ಲಿ ಎಪಿಜೈನ್. ಇದು ಹೊಟ್ಟೆಯ ಅಡಿಭಾಗದಲ್ಲಿರುವ ಸಣ್ಣ ಗಟ್ಟಿ ಗುರುತು. ಇವೆರಡೂ ಪೂರ್ತಿ ಬೆಳೆದ ಜೇಡದಲ್ಲಿ ಮಾತ್ರ ಮೂಡಿರುತ್ತವೆ.

ಹಾಗಾಗಿ ಮರಿ ಜೇಡವನ್ನು ಸಾಯಿಸಿ ತರುವುದು ಪೂರ್ತಿ ವ್ಯರ್ಥ. ಅದನ್ನು ಯಾರೂ ಖಚಿತವಾಗಿ ಗುರುತಿಸಿ ಕೊಡಲಾರರು. ಹೊಸಬರ ಡಬ್ಬಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮರಿಗಳೇ ಇರುತ್ತವೆ. ಒಂದು ಬಗೆಯಲ್ಲಿ ಬೆಳೆದ ಒಂದು ಗಂಡು, ಒಂದು ಹೆಣ್ಣು. ಅಷ್ಟೇ. ಮೊಟ್ಟೆಚೀಲ ಹೊತ್ತ ತಾಯಿಯನ್ನು, ಬೆನ್ನ ಮೇಲೆ ಮರಿ ಕೂರಿಸಿಕೊಂಡ ತಾಯಿಯನ್ನು ಮುಟ್ಟಬೇಡಿ.

2. ಅನುಮತಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ, ಆಮೇಲೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯ. ಅಲ್ಲಿಂದ ಲಿಖಿತ ಅನುಮತಿ ಇಲ್ಲದೆ ಒಂದು ಜೇಡವನ್ನೂ ತರುವ ಹಾಗಿಲ್ಲ. ಮೀಸಲು ಅರಣ್ಯಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ನಮ್ಮ ಕಡೆ ಸೊಪ್ಪಿನ ಬೆಟ್ಟದ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. "ಅದು ನಮ್ಮದೇ ಬೆಟ್ಟ ಅಲ್ವಾ?" ಎನ್ನುತ್ತಾರೆ. ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಹಕ್ಕು ನಮ್ಮದು, ನೆಲ ಇಲಾಖೆಯದು. ಅಲ್ಲಿ ನೋಡಿ, ಫೋಟೋ ತೆಗೆಯಿರಿ. ಹಿಡಿದು ತರಬೇಕಾದರೆ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಸ್ವಂತ ಹಿತ್ತಲು, ತೋಟ, ಗದ್ದೆಯಾದರೆ ಈ ತೊಡಕಿಲ್ಲ. ಬೇರೆಯವರ ತೋಟವಾದರೆ ಹಿಂದಿನ ದಿನವೇ ಹೇಳಿರಿ. ರಾತ್ರಿ ಹೋಗುವುದಿದ್ದರಂತೂ ಕಡ್ಡಾಯ. ಕತ್ತಲಲ್ಲಿ ತೋಟದಲ್ಲಿ ಬೆಳಕು ಓಡಾಡಿದರೆ ಅಡಿಕೆ ಕಳ್ಳರು ಅಂತಲೇ ತಿಳಿಯುತ್ತಾರೆ.

ಇನ್ನೊಂದು. ಮರದ ಪೊಟರೆಯಲ್ಲಿ ಅಂಗೈ ಅಗಲದ, ಪಟ್ಟೆ ಪಟ್ಟೆ ಕಾಲಿನ ಜೇಡ ಕಂಡರೆ ಅದು ಪೊಯಿಸಿಲೊಥೇರಿಯಾ ಕುಲದ್ದು, ಅಂದರೆ ಮರದ ಮೇಲೆ ಬಾಳುವ ಟ್ಯಾರಂಟುಲಾ ಇರಬಹುದು. ಸಾಕುವ ಹವ್ಯಾಸದವರಿಗೆ ಮಾರಲು ಇವನ್ನು ಕದ್ದು ಸಾಗಿಸುತ್ತಿದ್ದರು. ಅದಕ್ಕೇ 2019ರಲ್ಲಿ ಈ ಇಡೀ ಕುಲವನ್ನು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಗೆ ಸೇರಿಸಲಾಯಿತು. ದೂರದಿಂದ ನೋಡಿ ಬನ್ನಿ. ಊರು, ಮರ ಗುರುತಾಗುವ ಹಾಗೆ ಫೋಟೋ ಹಂಚಬೇಡಿ.

3. ಜೊತೆಗೆ ಒಯ್ಯಬೇಕಾದದ್ದು

ದುಬಾರಿ ಸಾಮಾನು ಯಾವುದೂ ಬೇಡ.

- ಬಿಗಿ ಮುಚ್ಚಳದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳು, ಸಣ್ಣವು ಮೂವತ್ತು, ದೊಡ್ಡವು ಐದಾರು.
- ಮೆತ್ತನೆಯ ಪೇಂಟಿಂಗ್ ಬ್ರಶ್. ಜೇಡವನ್ನು ತಳ್ಳುವುದು ಬೆರಳಲ್ಲಲ್ಲ, ಇದರಲ್ಲಿ.
- ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ.
- ಹಳೆಯ ಕೊಡೆ ಮತ್ತು ಒಂದು ಬಿಳಿ ಪಂಚೆ.
- ಬೀಸುಬಲೆ. ಚಿಟ್ಟೆ ಹಿಡಿಯುವ ತೆಳು ಬಲೆ ಹುಲ್ಲಿನಲ್ಲಿ ಹರಿದು ಹೋಗುತ್ತದೆ. ದಪ್ಪ ಕಾಟನ್ ಬಟ್ಟೆಯ ಚೀಲ ಹೊಲಿದು ಗಟ್ಟಿ ತಂತಿಯ ಬಳೆಗೆ ಕಟ್ಟಿಕೊಳ್ಳಿ.
- ತಲೆಗೆ ಕಟ್ಟುವ ಟಾರ್ಚು, ಹೆಚ್ಚುವರಿ ಬ್ಯಾಟರಿ.
- ನೀರು ಚಿಮುಕಿಸುವ ಸಣ್ಣ ಬಾಟಲಿ.
- ನೋಟ್‌ಬುಕ್ಕು, ಪೆನ್ಸಿಲ್ಲು, ದಪ್ಪ ಕಾಗದದ ಚೂರುಗಳು.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಪೆನ್ಸಿಲ್, ಪೆನ್ ಅಲ್ಲ. ಮೊದಲ ವರ್ಷ ನಾನು ಬಾಲ್‌ಪೆನ್ನಿನಲ್ಲಿ ಬರೆದ ಚೀಟಿಗಳನ್ನು ಆಲ್ಕೋಹಾಲ್ ಒಳಗೆ ಹಾಕಿದ್ದೆ. ವಾರದಲ್ಲಿ ಶಾಯಿ ಕರಗಿ ಚೀಟಿಗಳೆಲ್ಲ ಬೆಳ್ಳಗಾದವು. ನಲವತ್ತು ಜೇಡಗಳು ಎಲ್ಲಿಯವು ಅಂತ ಇವತ್ತಿಗೂ ಗೊತ್ತಿಲ್ಲ.

ಸಣ್ಣ ಜೇಡಗಳಿಗೆ ಹೀರುಕೊಳವೆ ಉಪಯೋಗ ಆಗುತ್ತದೆ. ಇದು ಎರಡು ಕೊಳವೆ ಹಾಕಿದ ಪುಟ್ಟ ಬಾಟಲಿ. ಒಂದರಲ್ಲಿ ಬಾಯಿಂದ ಗಾಳಿ ಎಳೆದರೆ ಇನ್ನೊಂದರಿಂದ ಜೇಡ ಬಾಟಲಿಯೊಳಗೆ ಬಂದು ಬೀಳುತ್ತದೆ. ಬಾಯಿ ಕಡೆಯ ಕೊಳವೆಗೆ ಒತ್ತು ನೇಯ್ಗೆಯ ಬಟ್ಟೆ ಕಟ್ಟಿರಲೇಬೇಕು. ಹಾಗಿದ್ದರೂ ದರಕಿನ ದೂಳಿನಲ್ಲಿ ಇದನ್ನು ಬಳಸಬೇಡಿ. ಬೂಸ್ಟಿನ ಕಣಗಳು ಎದೆಗೆ ಹೋಗುತ್ತವೆ.

ಮೈಮೇಲೆ ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು, ಮೊಣಕಾಲಿನವರೆಗಿನ ಗಂಬೂಟು. ಮಳೆಗಾಲದ ಬಾಲದಲ್ಲಿ ಹೋದರೆ ಇಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪು ಇಟ್ಟುಕೊಳ್ಳಿ.

4. ಯಾವಾಗ ಹೋಗುವುದು

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ಮಳೆ ಇಳಿದಿರುತ್ತದೆ, ಹುಳು ಹುಪ್ಪಟೆ ಹೇರಳ, ಬಹಳಷ್ಟು ಜೇಡಗಳು ಪೂರ್ತಿ ಬೆಳೆದಿರುತ್ತವೆ. ಜೋರು ಮಳೆಯಲ್ಲಿ ಬಲೆ ನಿಲ್ಲುವುದಿಲ್ಲ, ನಿಮ್ಮ ನೋಟ್‌ಬುಕ್ಕೂ ಉಳಿಯುವುದಿಲ್ಲ.

ಮಲೆನಾಡಿನವರು ಇನ್ನೊಂದು ಕಾರಣಕ್ಕೂ ಈ ಕಾಲವನ್ನೇ ಆರಿಸಿಕೊಳ್ಳಬೇಕು. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಉಣುಗಿನಿಂದ (ರಕ್ತ ಹೀರುವ ಉಣ್ಣೆಹುಳದಿಂದ) ಹರಡುತ್ತದೆ. ಜೇಡ ಹುಡುಕುವವರು ಮಾಡುವುದು ಏನು? ದರಕು ಕೆದಕುವುದು, ಪೊದೆಗೆ ಮೈ ಒರೆಸುವುದು, ನೆಲದಲ್ಲಿ ಕೂರುವುದು. ಉಣುಗು ಹತ್ತಲು ಬೇರೇನೂ ಬೇಡ. ನಿಮ್ಮ ಊರಲ್ಲಿ ಕಾಯಿಲೆ ಕಂಡಿದ್ದರೆ, ಮಂಗ ಸತ್ತ ಸುದ್ದಿ ಇದ್ದರೆ ಆ ವರ್ಷ ಬೆಟ್ಟದ ಕಡೆ ಹೋಗಲೇಬೇಡಿ. ಉಳಿದ ಸಮಯದಲ್ಲೂ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿ ನೀರಿಗೆ, ಮೈಗೆ ಬಿಸಿ ನೀರು, ಸೋಪು.

ದಿನದಲ್ಲಿ ಎರಡು ಹೊತ್ತು ಮುಖ್ಯ. ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ, ರಾತ್ರಿ ಏಳೂವರೆಯಿಂದ ಹತ್ತು. ಮಧ್ಯಾಹ್ನದ ಬಿಸಿಲಿಗೆ ಜೇಡ ಅಡಗಿರುತ್ತದೆ, ನೀವೂ ಊಟ ಮಾಡಿ ಮಲಗಿ. ಒಂದೊಂದು ಜಾಗಕ್ಕೆ, ಒಂದೊಂದು ವಿಧಾನಕ್ಕೆ ಇಷ್ಟು ಸಮಯ ಅಂತ ಮೊದಲೇ ನಿಗದಿ ಮಾಡಿಕೊಳ್ಳಿ. ತೋಟದಲ್ಲಿ ಮೂರು ಗಂಟೆ, ಗದ್ದೆಯಲ್ಲಿ ಹತ್ತು ನಿಮಿಷ ಹುಡುಕಿ "ತೋಟದಲ್ಲೇ ಜೇಡ ಜಾಸ್ತಿ" ಎಂದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

5. ಮನೆಯಿಂದ ಶುರು

ಹಿಂದಿನ ಸಂಜೆಯೇ ಮನೆಯೊಳಗೆ ಅಭ್ಯಾಸ ಮಾಡಿ. ಮೂಲೆಯಲ್ಲಿ ಅಸ್ತವ್ಯಸ್ತ ಬಲೆ ಕಟ್ಟಿ, ಮುಟ್ಟಿದರೆ ಗಡಗಡ ನಡುಗುವ ಉದ್ದ ಕಾಲಿನ ಜೇಡ ಕ್ರೊಸೊಪ್ರೈಜಾ ಲಯೊನಿ ಆಗಿರುವುದೇ ಹೆಚ್ಚು. ಬಚ್ಚಲ ಗೋಡೆಯಲ್ಲಿ ರಾತ್ರಿ ಕಾಣುವ ಚಪ್ಪಟೆ, ಅಂಗೈಯಷ್ಟು ಹರಡಿಕೊಳ್ಳುವ ಜೇಡ ಹೆಟೆರೊಪೋಡಾ ವೆನಟೋರಿಯಾ. ಜಿರಲೆ ತಿನ್ನುತ್ತದೆ. ಹೆಣ್ಣು ತನ್ನ ಮೊಟ್ಟೆಚೀಲವನ್ನು ಬಿಲ್ಲೆಯ ಹಾಗೆ ಎದೆಯಡಿ ಹಿಡಿದುಕೊಂಡೇ ಓಡಾಡುತ್ತದೆ. ಪೊರಕೆ ತರುವ ಮುಂಚೆ ಒಮ್ಮೆ ನೋಡಿ.

ಗೋಡೆಯ ಮೇಲಿನ ನೆಗೆಯುವ ಜೇಡದಲ್ಲಿ ಹಿಡಿಯುವ ಕೈಚಳಕ ಕಲಿಯಿರಿ. ಹೊಸಬರು ಡಬ್ಬಿಯನ್ನು ಮೇಲಿನಿಂದ ದಬಕ್ಕನೆ ಮುಚ್ಚುತ್ತಾರೆ, ಕಾಲು ತುಂಡಾಗುತ್ತದೆ. ಡಬ್ಬಿಯ ಬಾಯಿಯನ್ನು ಜೇಡದ ಮುಂದೆ, ಗೋಡೆಗೆ ತಾಗಿಸಿ ಹಿಡಿಯಿರಿ. ಬ್ರಶ್ಶನ್ನು ಹಿಂದಿನಿಂದ ಮೆಲ್ಲಗೆ ತನ್ನಿ. ಅದು ತಾನಾಗಿ ಮುಂದೆ ನೆಗೆದು ಒಳಗೆ ಹೋಗುತ್ತದೆ.

ಇಲ್ಲೇ ಇನ್ನೊಂದು ಗೊಂದಲ ಬಗೆಹರಿಸಿಕೊಳ್ಳಿ. ಜೇಡಕ್ಕೆ ಎಂಟು ಕಾಲು, ದೇಹ ಎರಡು ಭಾಗ, ನಡುವೆ ಸಣ್ಣ ಸೊಂಟ. ಒದ್ದೆ ಗೋಡೆಯಲ್ಲಿ, ಬಾವಿಕಟ್ಟೆಯಲ್ಲಿ ಗುಂಪುಗುಂಪಾಗಿ ತೂಗಾಡುವ, ಕೂದಲೆಳೆಯಂಥ ಕಾಲಿನ ಜೀವಿಗೂ ಎಂಟೇ ಕಾಲು. ಆದರೆ ಸೊಂಟ ಇಲ್ಲ, ದೇಹ ಒಂದೇ ಗುಂಡು. ಅದು ಜೇಡ ಅಲ್ಲ, ಓಪಿಲಿಯೊನಿಸ್ ಎಂಬ ಬೇರೆ ಗಣದ್ದು. ಬಲೆಯನ್ನೂ ನೇಯುವುದಿಲ್ಲ.

6. ಬೆಳಗ್ಗೆ: ಗದ್ದೆ ಬದು ಮತ್ತು ಬ್ಯಾಣ (ಹುಲ್ಲುಗಾವಲು)

ಇಬ್ಬನಿ ಆರುವ ಮುಂಚೆ ಗದ್ದೆಯಲ್ಲಿರಬೇಕು. ಇದೊಂದು ವಿಷಯದಲ್ಲಿ ಸೋಮಾರಿತನ ಬೇಡ. ಒಂಬತ್ತು ಗಂಟೆಗೆ ಬರೀ ಹುಲ್ಲು ಕಾಣುವ ಬದುವಿನಲ್ಲಿ ಏಳು ಗಂಟೆಗೆ ನೂರು ಬಲೆ ಕಾಣುತ್ತವೆ.

ಬದುವಿನ ಹುಲ್ಲಿನ ಮೇಲೆ ಬಿಳಿ ಕರವಸ್ತ್ರ ಹಾಸಿದ ಹಾಗೆ ಹಾಳೆಬಲೆಗಳಿರುತ್ತವೆ. ಒಂದರ ಪಕ್ಕ ಕುಳಿತು ನೋಡಿ. ಹಾಳೆ ಒಂದು ಕಡೆ ಇಳಿಜಾರಾಗಿ, ಆಲಿಕೆಯ ಹಾಗೆ ಕಿರಿದಾಗುತ್ತ ಹುಲ್ಲಿನ ಬುಡದ ಕತ್ತಲೆಗೆ ಹೋಗುತ್ತದೆ. ಆ ಬಾಯಲ್ಲಿ ಎರಡು ಮುಂಗಾಲು ಮಾತ್ರ ಹೊರಗೆ, ಹಾಳೆಯ ಮೇಲೆ ಊರಿಕೊಂಡಿರುತ್ತವೆ. ಒಣ ಹುಲ್ಲಿನ ಎಳೆಯಿಂದ ಹಾಳೆಯ ಅಂಚನ್ನು ಸಣ್ಣಗೆ ಅಲುಗಿಸಿ. ಹುಳ ಬಿತ್ತು ಎಂದುಕೊಂಡು ಜೇಡ ಮಿಂಚಿನಂತೆ ಹೊರಗೆ ಬರುತ್ತದೆ, ಹುಲ್ಲೆಳೆಯನ್ನು ಮುಟ್ಟಿ ನೋಡಿ, ಬಂದಷ್ಟೇ ಬೇಗ ವಾಪಸ್ಸು. ಇದು ಹಿಪಾಸಾ. ತೋಳ ಜೇಡಗಳ ಕುಟುಂಬದ್ದು. ಆ ಕುಟುಂಬದ ಹೆಚ್ಚಿನವು ಬಲೆ ಕಟ್ಟದೆ ನೆಲದಲ್ಲಿ ಓಡಾಡಿ ಬೇಟೆಯಾಡುತ್ತವೆ, ಇದು ಮಾತ್ರ ಬಲೆ ಕಟ್ಟಿ ಕಾಯುತ್ತದೆ.

ಹಿಡಿಯಬೇಕಾದರೆ ಅದು ಹೊರಗೆ ಬಂದ ಕ್ಷಣದಲ್ಲೇ ಬ್ರಶ್ಶನ್ನು ಆಲಿಕೆಯ ಬಾಯಿಗೆ ಅಡ್ಡ ಹಿಡಿಯಬೇಕು. ಮೂರು ಸಲ ತಪ್ಪುತ್ತದೆ, ನಾಲ್ಕನೆಯ ಸಲ ಸಿಗುತ್ತದೆ. ಒಂದೇ ಬಲೆಯನ್ನು ಪದೇ ಪದೇ ಕೆಣಕಬೇಡಿ. ಪಕ್ಕದಲ್ಲಿ ಇನ್ನೊಂದು ಇದ್ದೇ ಇರುತ್ತದೆ.

ಭತ್ತದ ಗರಿಗಳ ನಡುವೆ ಟೆಟ್ರಾಗ್ನಾತಾ ಹುಡುಕಿ. ಉದ್ದ ದವಡೆ, ಕಡ್ಡಿಯಂಥ ಮೈ. ಬೆದರಿದರೆ ಕಾಲುಗಳನ್ನು ಹಿಂದೆ ಮುಂದೆ ಉದ್ದಕ್ಕೆ ಚಾಚಿ ಗರಿಗೆ ಅಂಟಿಕೊಂಡು ಮಾಯವಾಗುತ್ತದೆ. ನೀರಿನ ಮಟ್ಟದಲ್ಲಿ, ಬುಡದಲ್ಲಿ ಓಡುವುದು ಪಾರ್ಡೋಸಾ, ಬಲೆ ಕಟ್ಟದ ತೋಳ ಜೇಡ. ಇವೆರಡೂ ಭತ್ತದ ಜಿಗಿಹುಳಗಳನ್ನು ತಿನ್ನುತ್ತವೆ. ಇದನ್ನು ಗದ್ದೆಯ ಯಜಮಾನರಿಗೂ ತೋರಿಸಿ. ಔಷಧಿ ಹೊಡೆದ ಗದ್ದೆಯಲ್ಲಿ ಮೊದಲು ಸಾಯುವವರಲ್ಲಿ ಇವೂ ಸೇರಿವೆ.

ಬ್ಯಾಣದ ಹುಲ್ಲಿಗೆ ಇಬ್ಬನಿ ಆರಿದ ಮೇಲೆ ಬೀಸುಬಲೆ ಬೀಸಿ. ಹುಲ್ಲಿನ ಮೇಲ್ಭಾಗವನ್ನು ಸವರುತ್ತ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಹೆಜ್ಜೆಗೊಂದು ಬೀಸು. ಇಪ್ಪತ್ತು ಬೀಸಿಗೆ ನಿಂತು, ಚೀಲವನ್ನು ಪಂಚೆಯ ಮೇಲೆ ಕೊಡವಿ. ಕಾಲ ಮೇಲೆ ಮುಳ್ಳು ಮುಳ್ಳಾಗಿರುವ ಆಕ್ಸಿಯೋಪಿಸ್, ಹೂವಿನ ಬಣ್ಣಕ್ಕೆ ಹೊಂದಿಕೊಂಡು ಅಡ್ಡಡ್ಡ ನಡೆಯುವ ಏಡಿ ಜೇಡ ಸಿಗುತ್ತವೆ. ಒದ್ದೆ ಹುಲ್ಲಿನಲ್ಲಿ ಬೀಸಿದರೆ ಎಲ್ಲವೂ ಬಟ್ಟೆಗೆ ಅಂಟಿ ಮುದ್ದೆಯಾಗುತ್ತದೆ, ಯಾವುದೂ ಕೆಲಸಕ್ಕೆ ಬರುವುದಿಲ್ಲ.

7. ತೋಟದೊಳಗೆ

ದಾರಿಗೆ ಅಡ್ಡ, ಎರಡು ಅಡಿಕೆ ಮರಗಳ ನಡುವೆ, ಮುಖಕ್ಕೆ ಸಿಕ್ಕಿ ಚಟ್ ಅಂತ ಸದ್ದು ಮಾಡುವ ಹೊಂಬಣ್ಣದ ಬಲೆ ಇದೆಯಲ್ಲ, ಅದು ನೆಫಿಲಾ ಪಿಲಿಪೆಸ್. ನಡುವೆ ಕೂತಿರುವ ದೊಡ್ಡ ಜೇಡ ಹೆಣ್ಣು. ಗಂಡು ಎಲ್ಲಿ? ಅದೇ ಬಲೆಯ ಮೇಲ್ಭಾಗದಲ್ಲಿ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕೆಂಚು ಚುಕ್ಕೆ. ಎಷ್ಟೋ ಜನ ಅದನ್ನು ಮರಿ ಎಂದು ಬರೆದುಕೊಂಡು ಬರುತ್ತಾರೆ. ಬೆಳ್ಳಿ ಹನಿಯಂಥ ಇನ್ನೂ ಸಣ್ಣ ಜೇಡಗಳು ಬಲೆಯ ಅಂಚಿನಲ್ಲಿ ಕಂಡರೆ ಅವು ನೆಫಿಲಾ ಅಲ್ಲವೇ ಅಲ್ಲ. ಆರ್ಜಿರೋಡಿಸ್ ಅಂತ, ಬೇರೆಯವರ ಬಲೆಯಲ್ಲಿ ಬಿದ್ದ ಸಣ್ಣ ಹುಳ ಕದ್ದು ತಿನ್ನುವ ಜೇಡ. ಒಂದೇ ಬಲೆಯಲ್ಲಿ ಎರಡು ಜಾತಿ, ಮೂರು ಅಳತೆ. ಹೀಗಾಗಿಯೇ ಬಲೆಯನ್ನು ಕೆಡಿಸುವ ಮುಂಚೆ ಐದು ನಿಮಿಷ ನೋಡಿ, ಚಿತ್ರ ಬರೆದುಕೊಳ್ಳಿ ಎನ್ನುವುದು. ನೆಫಿಲಾವನ್ನು ಗುರುತಿಸಲು ಫೋಟೋ ಸಾಕು, ಹಿಡಿಯುವುದು ಬೇಡ.

ಬಲೆ ಸರಿಯಾಗಿ ಕಾಣದಿದ್ದರೆ ನೀರು ಚಿಮುಕಿಸಿ. ಹಿಟ್ಟು, ಪೌಡರು ಉದುರಿಸಬೇಡಿ. ಅಂಟು ಹೋಗಿ ಬಲೆ ಹಾಳಾಗುತ್ತದೆ, ಜೇಡ ಮತ್ತೆ ಪೂರ್ತಿ ನೇಯಬೇಕಾಗುತ್ತದೆ. ಬಲೆಯ ನಡುವೆ ಅಂಕುಡೊಂಕು ಬಿಳಿ ನೂಲಿನ ಇಂಟು ಗುರುತು ಕಂಡರೆ ಅದು ಆರ್ಜಿಯೋಪೆ, ಸಹಿ ಜೇಡ. ಇದು ಬೆದರಿದರೆ ದಾರ ಬಿಟ್ಟುಕೊಂಡು ಕೆಳಗೆ ಬೀಳುತ್ತದೆ. ಅದಕ್ಕೇ ಡಬ್ಬಿಯನ್ನು ಕೆಳಗೆ ಹಿಡಿದು ಮೇಲಿನಿಂದ ತಟ್ಟಬೇಕು. ಚಕ್ರಬಲೆಯ ಜೇಡಗಳಿಗೆಲ್ಲ ಇದೇ ಉಪಾಯ.

ಪೊದೆ, ಕಾಫಿ ಗಿಡ, ಬೇಲಿಗೆ ಕೊಡೆ ವಿಧಾನ. ಕೊಡೆಯನ್ನು ತಲೆಕೆಳಗಾಗಿ ಬಿಡಿಸಿ, ಒಳಗೆ ಬಿಳಿ ಪಂಚೆ ಹಾಸಿ ಕೊಂಬೆಯ ಕೆಳಗೆ ಹಿಡಿಯಿರಿ. ಕೋಲಿನಿಂದ ಕೊಂಬೆಗೆ ಐದಾರು ಚುರುಕು ಏಟು. ಮೆಲ್ಲಗೆ ಅಲುಗಿಸಿದರೆ ಜೇಡ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬಿದ್ದ ಕೂಡಲೇ ಜೇಡಗಳು ಒಂದು ಕ್ಷಣ ಸತ್ತಂತೆ ಮುದುರಿಕೊಂಡಿರುತ್ತವೆ. ಕಸ ಎಂದು ಕೊಡವಿಬಿಡಬೇಡಿ. ಅರ್ಧ ನಿಮಿಷ ಕಾದರೆ ಕಸ ನಡೆಯತೊಡಗುತ್ತದೆ.

ಹೊಡೆಯುವ ಮುಂಚೆ ಮೇಲೆ ನೋಡಿ. ಎಲೆ ಸೇರಿಸಿ ಹೊಲಿದ ಚಗಳಿ (ಕೆಂಪು ಇರುವೆ) ಗೂಡು ಇದೆಯಾ? ನಸುಗುನ್ನಿ ಬಳ್ಳಿ ಇದೆಯಾ? ಕಣಜದ ಗೂಡು ಇದೆಯಾ? ಮೂರರಲ್ಲಿ ಒಂದಿದ್ದರೂ ಆ ಗಿಡ ಬಿಟ್ಟುಬಿಡಿ. ಆದರೆ ಚಗಳಿ ಓಡಾಡುವ ಕಾಂಡವನ್ನು ದೂರದಿಂದ ಗಮನಿಸಿ. ಆ ಸಾಲಿನ ಆಚೀಚೆ, ಅದೇ ಕೆಂಪು, ಅದೇ ಸಣ್ಣ ಸೊಂಟ, ಆದರೆ ಸ್ವಲ್ಪ ತಡೆದು ತಡೆದು ನಡೆಯುವ ಒಂದು "ಇರುವೆ" ಇರಬಹುದು. ಮುಂದಿನ ಎರಡು ಕಾಲನ್ನು ಎತ್ತಿ ಮೀಸೆಯ ಹಾಗೆ ಆಡಿಸುತ್ತಿರುತ್ತದೆ. ಕಾಲು ಎಣಿಸಿ. ಎಂಟಿದ್ದರೆ ಅದು ಚಗಳಿಯ ವೇಷದ ನೆಗೆಯುವ ಜೇಡ, ಮಿರ್ಮಾಪ್ಲಾಟಾ. ತಟ್ಟಿದರೆ ದಾರ ಬಿಟ್ಟುಕೊಂಡು ನೇತಾಡುತ್ತದೆ. ಚಗಳಿ ಹಾಗೆ ಮಾಡುವುದಿಲ್ಲ.

ಹಲಸು, ಮಾವಿನ ತೊಗಟೆಯಲ್ಲಿ ಹೆರ್ಸಿಲಿಯಾ ಇರುತ್ತದೆ. ಹಿಂದೆ ಎರಡು ಬಾಲ ಇದ್ದಂತೆ ಕಾಣುವುದು ಅದರ ನೂಲು ತೆಗೆಯುವ ಅಂಗ. ತೊಗಟೆಯ ಬಣ್ಣವೇ ಅದಕ್ಕೂ. ಹುಡುಕಲು ಕಣ್ಣು ಸಾಲದು. ಅಂಗೈಯನ್ನು ಕಾಂಡದಿಂದ ಒಂದು ಗೇಣು ದೂರದಲ್ಲಿ ಆಡಿಸುತ್ತ ಮರ ಸುತ್ತಿ. ಅದು ಸರ್ರನೆ ಜಾಗ ಬದಲಿಸಿದಾಗ ಕಾಣುತ್ತದೆ.

8. ದರಕು, ಹಾಳೆ, ಧರೆ

ದರಕನ್ನು ಮರಳು ಸೋಸುವ ಜರಡಿಗೆ ಹಾಕಿ, ಪಂಚೆಯ ಮೇಲೆ ಅಲ್ಲಾಡಿಸಿ. ಕೆಳಗೆ ಬಿದ್ದ ಪುಡಿಯನ್ನು ತಾಳ್ಮೆಯಿಂದ ನೋಡಿ. ಎರಡು ಮಿಲಿಮೀಟರಿನ ಎಷ್ಟೋ ಜೇಡಗಳು ಸಿಗುವುದು ಇಲ್ಲೇ. ಮುಗಿದ ಮೇಲೆ ದರಕನ್ನು ಅದೇ ಜಾಗಕ್ಕೆ ಹರಡಿ.

ಬಿದ್ದ ಅಡಿಕೆ ಹಾಳೆಯ ಅಡಿಯಲ್ಲಿ ಜೇಡ ಬಹಳ. ಚೇಳು, ಕೊಳಕುಮಂಡಲ ಕೂಡ ಅಲ್ಲೇ. ಹಾಳೆಯನ್ನು ಕೈಯಿಂದ ಎತ್ತಬೇಡಿ. ಕೋಲಿನಿಂದ, ಆಚೆ ಅಂಚನ್ನು, ನಿಮ್ಮ ಕಡೆಗೆ ಎಳೆದು ಎತ್ತಿ. ಒಳಗೆ ಏನಿದ್ದರೂ ನಿಮ್ಮಿಂದ ದೂರಕ್ಕೆ ಓಡುತ್ತದೆ.

ಜಂಬಿಟ್ಟಿಗೆ ಧರೆಯಲ್ಲಿ (ಕಡಿದಾದ ಕೆಂಪು ಮಣ್ಣಿನ ದಂಡೆಯಲ್ಲಿ) ಹೆಬ್ಬೆರಳು ಗಾತ್ರದ, ಬಾಯಿಗೆ ಬಿಳಿ ನೂಲು ಬಳಿದ ಬಿಲ ಕಂಡರೆ ಅದು ನೆಲದ ಟ್ಯಾರಂಟುಲಾ ಗುಂಪಿನದು. ಅಗೆಯಬೇಡಿ. ಹೆಣ್ಣು ವರ್ಷಗಟ್ಟಲೆ ಒಂದೇ ಬಿಲದಲ್ಲಿ ಬಾಳುತ್ತದೆ. ರಾತ್ರಿ ಬಂದರೆ ಬಾಗಿಲಲ್ಲೇ ಕೂತಿರುತ್ತದೆ, ಆಗ ನೋಡಿ.

ಲೋಟ ಹೂಳುವ ಬಲೆಗುಂಡಿಯ ಬಗ್ಗೆಯೂ ಕೇಳುತ್ತಾರೆ. ನೆಲದ ಮಟ್ಟಕ್ಕೆ ಲೋಟ ಹೂಳಿ, ದ್ರಾವಣ ತುಂಬಿ ದಿನಗಟ್ಟಲೆ ಬಿಡುವ ವಿಧಾನ ಅದು. ಹೊಸಬರಿಗೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ನಾಲ್ಕು ಜೇಡಕ್ಕಾಗಿ ನಲವತ್ತು ಜೀರುಂಡೆ, ಕಪ್ಪೆಮರಿ ಸಾಯುತ್ತವೆ. ಬೇಕೇ ಬೇಕೆಂದರೆ ಒಣ ಲೋಟ ಸಂಜೆ ಹೂಳಿ, ಬೆಳಗ್ಗೆ ಬೆಳಕು ಹರಿಯುವ ಮುಂಚೆ ತೆಗೆಯಿರಿ.

9. ರಾತ್ರಿ ಸುತ್ತು

ಒಬ್ಬರೇ ಹೋಗಬೇಡಿ. ನಡೆಯುವಾಗ ಜೇಡ ಹುಡುಕಬೇಡಿ, ಹುಡುಕುವಾಗ ನಡೆಯಬೇಡಿ. ಕಟ್ಟುಹಾವು ರಾತ್ರಿಯೇ ಓಡಾಡುವುದು.

ಟಾರ್ಚನ್ನು ಕಣ್ಣಿನ ಮಟ್ಟಕ್ಕೆ, ಹಣೆಯ ಮೇಲೆ ಇಟ್ಟು ನೆಲದುದ್ದಕ್ಕೂ ಬೆಳಕು ಹಾಯಿಸಿ. ಕೈಯಲ್ಲಿ ಕೆಳಗೆ ಹಿಡಿದರೆ ಏನೂ ಕಾಣುವುದಿಲ್ಲ. ತೋಳ ಜೇಡದ ಕಣ್ಣಿನ ಹಿಂಪದರ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತದೆ. ಹಾಗಾಗಿ ಬೆಳಕೂ ನಿಮ್ಮ ಕಣ್ಣೂ ಒಂದೇ ಸಾಲಿನಲ್ಲಿರಬೇಕು. ಇಪ್ಪತ್ತು ಅಡಿ ದೂರದಲ್ಲಿ ಹಸಿರು ನೀಲಿ ಚುಕ್ಕೆ ಮಿನುಗುತ್ತದೆ. ಇಬ್ಬನಿ ಹನಿಯೂ ಹೊಳೆಯುತ್ತದೆ, ಆದರೆ ನೀವು ತಲೆ ಅಲುಗಿಸಿದಾಗ ಹನಿಯ ಹೊಳಪು ಬಣ್ಣ ಬದಲಿಸುತ್ತದೆ. ಜೇಡದ ಕಣ್ಣು ಬದಲಿಸುವುದಿಲ್ಲ.

ಚುಕ್ಕೆಯಿಂದ ದೃಷ್ಟಿ ತೆಗೆಯದೆ ಹತ್ತಿರ ಹೋಗಿ. ಕೆಲವೊಮ್ಮೆ ಒಂದು ಚುಕ್ಕೆಯ ಜೊತೆ ಹತ್ತಾರು ಸಣ್ಣ ಮಿಣುಕುಗಳು ಒಟ್ಟಿಗೆ ಕಾಣುತ್ತವೆ. ಅದು ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿ. ಮರಿಗಳು ಒಂದರ ಮೇಲೊಂದು ಹತ್ತಿ, ಅವಳ ಕೂದಲು ಹಿಡಿದು ಕೂತಿರುತ್ತವೆ. ಅವಳು ನಿಂತರೆ ಎಲ್ಲವೂ ನಿಶ್ಚಲ, ಅವಳು ಹೊರಟರೆ ಇಡೀ ಬೆನ್ನು ಸಣ್ಣಗೆ ಅಲುಗುತ್ತದೆ. ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿ. ಹಿಡಿಯಲು ಹೋದರೆ ಮರಿಗಳೆಲ್ಲ ಚದುರಿ ಹೋಗುತ್ತವೆ.

ತೋಟದ ಬಸಿಗಾಲುವೆಯ ಮೇಲೆ, ನೀರಿಗೆ ಸಮನಾಗಿ ಅಡ್ಡಡ್ಡ ಹಾಸಿದ ಚಕ್ರಬಲೆಗಳಲ್ಲಿ ಬೆಳಗ್ಗೆ ಅಡಗಿದ್ದ ಟೆಟ್ರಾಗ್ನಾತಾ ಈಗ ನಟ್ಟನಡುವೆ ಕೂತಿರುತ್ತದೆ. ಹಗಲಲ್ಲಿ ಖಾಲಿ ಇದ್ದ ಜಾಗಗಳನ್ನೇ ರಾತ್ರಿ ಮತ್ತೆ ನೋಡಿ, ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ.

"ಕಚ್ಚುತ್ತಾ?" ಹಿಂಡಿ ಹಿಡಿದರೆ ಕೆಲವು ಕಚ್ಚುತ್ತವೆ. ನಮ್ಮ ತೋಟದ ಸಾಮಾನ್ಯ ಜೇಡಗಳ ಕಡಿತ ಸ್ವಲ್ಪ ಉರಿ, ಊತದಲ್ಲಿ ಮುಗಿಯುತ್ತದೆ. ಪೊಯಿಸಿಲೊಥೇರಿಯಾ ಮಾತ್ರ ಬೇರೆ. ಅದರ ಕಡಿತಕ್ಕೆ ಮಾಂಸಖಂಡಗಳು ಜೋರಾಗಿ ಹಿಡಿದುಕೊಳ್ಳುತ್ತವೆ, ಆಸ್ಪತ್ರೆಗೆ ಹೋಗಬೇಕು. ಯಾವ ಜೇಡವನ್ನೂ ಬರಿಗೈಯಲ್ಲಿ ಹಿಡಿಯದಿದ್ದರೆ ಈ ಪ್ರಶ್ನೆಯೇ ಬರುವುದಿಲ್ಲ.

10. ಡಬ್ಬಿ ಮತ್ತು ಚೀಟಿ

ಒಂದು ಡಬ್ಬಿಗೆ ಒಂದೇ ಜೇಡ. ಎರಡು ಹಾಕಿದರೆ ಮನೆಗೆ ಬರುವಷ್ಟರಲ್ಲಿ ಒಂದೇ ಉಳಿದಿರುತ್ತದೆ. ಜೊತೆಗೆ ಒಂದು ಹಸಿ ಎಲೆಚೂರು. ಡಬ್ಬಿಗಳನ್ನು ನೆರಳಿನಲ್ಲಿ, ಬಟ್ಟೆಚೀಲದಲ್ಲಿಡಿ. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಬಾಕ್ಸಿನಲ್ಲಿ ಹತ್ತು ನಿಮಿಷ ಇಟ್ಟರೂ ಬೆಂದು ಹೋಗುತ್ತವೆ.

ಚೀಟಿಯನ್ನು ಅಲ್ಲೇ, ಆಗಲೇ ಬರೆಯಬೇಕು. ಮನೆಗೆ ಹೋಗಿ ನೆನಪಿನಿಂದ ಬರೆದದ್ದು ನಂಬಿಕೆಗೆ ಯೋಗ್ಯವಲ್ಲ. ಹೀಗೆ ಬರೆಯಿರಿ:

ಕರ್ನಾಟಕ, ಉತ್ತರ ಕನ್ನಡ, ಶಿರಸಿ ತಾ., ಊರಿನ ಹೆಸರು. ಅಡಿಕೆ ತೋಟ, ಬಸಿಗಾಲುವೆಯ ಮೇಲೆ, ಅಡ್ಡ ಚಕ್ರಬಲೆ. ಅಕ್ಷಾಂಶ, ರೇಖಾಂಶ, ಎತ್ತರ. 12 ಅಕ್ಟೋಬರ್ 2024, ರಾತ್ರಿ 8.10. ಡಬ್ಬಿಯಿಂದ ಹಿಡಿದದ್ದು. ನಿಮ್ಮ ಹೆಸರು.

ಅಕ್ಷಾಂಶ, ರೇಖಾಂಶ ಮೊಬೈಲಿನ ಮ್ಯಾಪ್‌ನಲ್ಲಿ ಸಿಗುತ್ತದೆ. ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ. 10-12 ಅಂದರೆ ಅಕ್ಟೋಬರಾ, ಡಿಸೆಂಬರಾ ಅಂತ ಹತ್ತು ವರ್ಷದ ಮೇಲೆ ಓದುವವರಿಗೆ ತಿಳಿಯುವುದಿಲ್ಲ. ಚೀಟಿ ಡಬ್ಬಿಯ ಒಳಗಿರಲಿ. ಹೊರಗೆ ಅಂಟಿಸಿದ್ದು ಮಳೆಗಾಲದ ತೇವಕ್ಕೆ ಉದುರಿ ಹೋಗುತ್ತದೆ.

11. ಮನೆಗೆ ಬಂದ ಮೇಲೆ

ಮೊದಲು ಜೀವಂತವಾಗಿದ್ದಾಗಲೇ ಫೋಟೋ. ಮೇಲಿನಿಂದ ಒಂದು, ಮುಖದ ಕಡೆಯಿಂದ ಒಂದು, ಡಬ್ಬಿಯ ತಳದಿಂದ ಹೊಟ್ಟೆಯದೊಂದು. ಕಣ್ಣುಗಳು ಎಷ್ಟು ಸಾಲಿನಲ್ಲಿವೆ ಎಂಬುದು ಮುಖದ ಫೋಟೋದಲ್ಲಿ ಕಾಣಬೇಕು, ಕುಟುಂಬ ಗುರುತಿಸಲು ಅದೇ ಮೊದಲ ಕೀಲಿ. ಆಲ್ಕೋಹಾಲಿಗೆ ಹಾಕಿದ ಮೇಲೆ ಹಸಿರು, ಹಳದಿ ಬಣ್ಣಗಳು ಉಳಿಯುವುದಿಲ್ಲ.

ಇಟ್ಟುಕೊಳ್ಳಲೇಬೇಕಾದ ಬೆಳೆದ ಜೇಡಗಳನ್ನು ಡಬ್ಬಿ ಸಮೇತ ಫ್ರೀಜರಿನಲ್ಲಿ ಒಂದೆರಡು ಗಂಟೆ ಇಟ್ಟು, ಆಮೇಲೆ ಶೇಕಡಾ 70ರ ಎಥನಾಲ್‌ಗೆ ಹಾಕಿ. ಕಾಲೇಜಿನ ಲ್ಯಾಬಿನಲ್ಲಿ 95ರ ಎಥನಾಲ್ ಇದ್ದರೆ ಅದರ 70 ಮಿ.ಲೀ.ಗೆ ಡಿಸ್ಟಿಲ್ಡ್ ನೀರು ಸೇರಿಸುತ್ತ ಒಟ್ಟು 95 ಮಿ.ಲೀ. ಮಾಡಿ, 70ರ ದ್ರಾವಣ ಆಯಿತು. ಎಥನಾಲ್ ಸಿಗದವರು ಕೆಮಿಕಲ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲನ್ನು 70ರ ಪ್ರಮಾಣದಲ್ಲಿ ಬಳಸಬಹುದು. ಫಾರ್ಮಲಿನ್ ಬೇಡ. ಜೇಡ ಸೆಟೆದು ಕಡ್ಡಿಯಾಗುತ್ತದೆ, ನಿಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಡಿಎನ್‌ಎ ಪರೀಕ್ಷೆಗೆ ಕಳಿಸುವುದಿದ್ದರೆ ಮಾತ್ರ 95ರದ್ದನ್ನೇ, ತಣ್ಣಗಿನ ಜಾಗದಲ್ಲಿಡಿ. ಒಲೆ, ದೇವರ ದೀಪದಿಂದ ಈ ಬಾಟಲಿಗಳು ದೂರವಿರಲಿ.

ಗುರುತಿಸಲು ಅವಸರ ಬೇಡ. ಮೊದಲು ಕುಟುಂಬ, ಆಮೇಲೆ ಕುಲ. ಜಾತಿಯವರೆಗೆ ಹೋಗಲಾಗದಿದ್ದರೆ ಅಲ್ಲೇ ನಿಲ್ಲಿಸಿ. ಜಗತ್ತಿನಲ್ಲಿ ಹೆಸರಿಟ್ಟ ಜೇಡಗಳ ಜಾತಿ 2022ರಲ್ಲೇ 50,000 ದಾಟಿದೆ. ಮೊಬೈಲಿನ ಆಪ್ ಒಂದು ಹೆಸರು ಹೇಳಿತು ಅಂತ ಅದನ್ನೇ ಚೀಟಿಯಲ್ಲಿ ಬರೆಯಬೇಡಿ. "ಆರ್ಜಿಯೋಪೆ ಕುಲ, ಜಾತಿ ತಿಳಿದಿಲ್ಲ" ಎಂದು ಬರೆದ ಚೀಟಿ ತಪ್ಪು ಹೆಸರಿನ ಚೀಟಿಗಿಂತ ಎಷ್ಟೋ ವಾಸಿ. ಫೋಟೋಗಳನ್ನು ಜೀವಿಗಳ ಚಿತ್ರ ಹಂಚುವ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಜಾಗ, ದಿನಾಂಕ ಸಮೇತ ಹಾಕಿದರೆ ಬಲ್ಲವರು ನೋಡುತ್ತಾರೆ.

ಉಳಿದ ಜೇಡಗಳನ್ನು ಮರುದಿನ ಸಂಜೆಯೊಳಗೆ ಬಿಡಿ. ಬದುವಿನದನ್ನು ಬದುವಿಗೆ, ತೋಟದ್ದನ್ನು ತೋಟಕ್ಕೆ, ಚೀಟಿ ನೋಡಿಕೊಂಡು. ಡಬ್ಬಿಯನ್ನು ಗಿಡದ ಬುಡದಲ್ಲಿ ಅಡ್ಡ ಮಲಗಿಸಿ, ಮುಚ್ಚಳ ತೆಗೆದು, ಹಿಂದೆ ಸರಿದು ನಿಲ್ಲಿ. ಕೆಲವು ತಕ್ಷಣ ಹೊರಡುತ್ತವೆ, ಕೆಲವಕ್ಕೆ ಕಾಲು ಗಂಟೆ ಬೇಕಾಗುತ್ತದೆ. ಕೊಡವಬೇಡಿ, ಕಾಯಿರಿ. ಆಲ್ಕೋಹಾಲಿನ ಬಾಟಲಿಗಳನ್ನು ಮೂರು ತಿಂಗಳಿಗೊಮ್ಮೆ ತೆರೆದು ನೋಡಿ, ಕಡಿಮೆಯಾದಷ್ಟು ತುಂಬಿಸಿ.